ಕುರ್ಚಿಗೆ ಬಿಗಿದ ವಿಮಾನದ ಹಿಡಿಕೆ

ಚಿಕ್ಕೋಡಿಯ ಆ ಕಂಪ್ಯೂಟರ್ ತರಗತಿಯ ಹೊಸ ಕಟ್ಟಡದ ಉದ್ಘಾಟನೆಯ ದಿನ ತೆರೆಯ ಮೇಲಿನ ವಿಮಾನ ನೆಲಕ್ಕೆ ಅಪ್ಪಳಿಸಿದ್ದಕ್ಕೆ ನಾನು ಹೊಲಿದ ತೊಗಲಿನ ಪಟ್ಟಿಯೇ ಕಾರಣವೆಂದು ನಂಬಿರುವವರು ಇಂದಿಗೂ ಇದ್ದಾರೆ. ಕಾರಣ ಅದಲ್ಲ. ಅಂದು ಆ ಕೋಣೆಯಲ್ಲಿ ಕಟ್ಟಿದ ಜಾಗದಿಂದ ಅಲುಗಾಡದೆ ನಿಂತ ವಸ್ತು ಯಾವುದಾದರೂ ಇದ್ದರೆ ಅದು ಆ ಪಟ್ಟಿ ಮಾತ್ರ. ಇದನ್ನು ಅಂದೇ, ಅಲ್ಲಿಯೇ, ಎಲ್ಲರೆದುರು ಹೇಳಬೇಕಾಗಿತ್ತು. ಹೇಳಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ವಿಜ್ಞಾನ ಪದವಿ ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿಕೊಂಡು, ಚಿಕ್ಕೋಡಿಯ ಒಂದು ಖಾಸಗಿ ತರಗತಿಯಲ್ಲಿ ಕಲಿಸಲು ಸೇರಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವರು ನನಗಿಂತ ಮೊದಲು ಯಾರೂ ಇರಲಿಲ್ಲ. ಅಥಣಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಚಪ್ಪಲಿ ಹೊಲಿಯುವ ಕಸುಬು. ಅಲ್ಲಿ ಹೊಲಿದ ಚಪ್ಪಲಿ ಗಡಿ ದಾಟಿ ಕೊಲ್ಲಾಪುರದ ಪೇಟೆಗೆ ಹೋಗಿ, ಆ ಊರಿನ ಹೆಸರನ್ನೇ ಹೊತ್ತು ಮಾರಾಟವಾಗುತ್ತದೆ. ಮಾಡಿದವರ ಊರಿನ ಹೆಸರನ್ನು ಕೊಂಡವರು ಕೇಳುವುದಿಲ್ಲ. ಈ ವಿಷಯದಲ್ಲಿ ನನಗಿರುವ ಸಿಟ್ಟು ಬೇರೆಯೇ ಇದೆ. ಅದನ್ನು ಇಲ್ಲಿ ಬೆರೆಸುವುದಿಲ್ಲ.

ಚಿಕ್ಕೋಡಿಯಲ್ಲಿ ನನ್ನ ಮನೆಯ ಕಸುಬು ಯಾರಿಗೂ ತಿಳಿದಿರಲಿಲ್ಲ. ನಾನು ಮುಚ್ಚಿಟ್ಟಿದ್ದೆ ಎನ್ನುವುದಕ್ಕಿಂತ, ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅಲ್ಲಿ ನಾನು ‘ಸರ್’ ಆಗಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದೆ. ಪುಸ್ತಕದಲ್ಲಿರುವಂತಹ ಕನ್ನಡವನ್ನೇ ಮಾತನಾಡುತ್ತಿದ್ದೆ. ಒಂದು ತಪ್ಪು ಶಬ್ದ ಬಾಯಿಂದ ಬಿದ್ದರೆ ಸರ್ ಎನ್ನುವುದು ಎಲ್ಲಿ ನಿಂತುಹೋಗುತ್ತದೆಯೋ ಎಂಬ ಅಂಜಿಕೆ ನನಗಿತ್ತು.

ತರಗತಿಯ ಮಾಲೀಕರು ಕಬ್ಬು ಮತ್ತು ದ್ರಾಕ್ಷಿಯ ಜಮೀನುಳ್ಳ ಮನೆತನದವರು. ಎಲ್ಲರೂ ಅವರನ್ನು ಸಾವ್ಕಾರ್ರ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಗುಂಡಿ ಒತ್ತಿ ಚಾಲೂ ಮಾಡುವುದರ ಆಚೆಗೆ ಅವರಿಗೆ ಏನೂ ಬರುತ್ತಿರಲಿಲ್ಲ. ಅದನ್ನು ಅವರೇ ನಗುತ್ತ ಒಪ್ಪಿಕೊಳ್ಳುತ್ತಿದ್ದರು. ನನ್ನೊಡನೆ ಟೈಪಿಂಗ್ ಕಲಿಸುವ ಇನ್ನೊಬ್ಬ ಸರ್ ಇದ್ದರು. ಅವರ ಮನೆ ಭೋಜದಲ್ಲಿ. ಮನೆಯಲ್ಲಿ ಬೆಲ್ಲದ ಗಾಣವಿತ್ತು. ಒಟ್ಟು ಸಿಬ್ಬಂದಿ ನಾವಿಬ್ಬರೇ.

ಆ ವರ್ಷ ಸಾವ್ಕಾರ್ರ ಭಾವಮೈದ ಪುಣೆಯಿಂದ ಬರುವಾಗ ವಿಮಾನ ಹಾರಿಸುವ ಆಟದ ಒಂದು ಸಿ.ಡಿ.ಯನ್ನೂ, ಅದನ್ನು ನಡೆಸಲು ಬೇಕಾದ ಒಂದು ಜಾಯ್‌ಸ್ಟಿಕ್ಕನ್ನೂ ತಂದುಕೊಟ್ಟರು. ಅಂಗೈಯಗಲದ ಪ್ಲಾಸ್ಟಿಕ್ ಪೀಠ, ಅದರ ನಡುವೆ ಎದ್ದು ನಿಂತ ಒಂದು ಹಿಡಿಕೆ. ಹಿಡಿಕೆಯನ್ನು ಹಿಂದಕ್ಕೆಳೆದರೆ ವಿಮಾನ ಏರುತ್ತದೆ, ಮುಂದೆ ದೂಡಿದರೆ ಇಳಿಯುತ್ತದೆ. ಸಾವ್ಕಾರ್ರು ಅದನ್ನು ಕಂಡದ್ದೇ ತಡ, ತರಗತಿಗಾಗಿ ಕಟ್ಟಿಸಿದ್ದ ಹೊಸ ಕಟ್ಟಡದ ಉದ್ಘಾಟನೆಗೆ ಇದನ್ನೇ ತೋರಿಸಬೇಕೆಂದು ತೀರ್ಮಾನಿಸಿದರು.

“ಸರ್, ನಿಪ್ಪಾಣ್ಯಾಗ ಮತ್ತೊಂದ್ ಕ್ಲಾಸ್ ಸುರು ಆಗೇತಿ. ನಾವು ಬರೇ ಕಂಪ್ಯೂಟರ್ ಅಂದ್ರ ಯಾರು ಬರತಾರ್ರಿ? ನಾವು ವಿಮಾನ ತೋರ್ಸೂಣು.”

ತೋರಿಸುವುದಷ್ಟೇ ಆಗಿದ್ದರೆ ಸರಿ. ನನ್ನನ್ನು ಕೇಳದೆ ಕರಪತ್ರವನ್ನೂ ಹೊರಡಿಸಿಬಿಟ್ಟರು. ‘ನಮ್ಮಲ್ಲಿ ವಿಮಾನ ಹಾರಿಸುವುದನ್ನೂ ಕಲಿಸಲಾಗುವುದು’ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಅದು ರಾಯಬಾಗ, ಕಾಗವಾಡದವರೆಗೂ ಹೋಯಿತು. ಪಾಲಬಾವಿಯಿಂದ ಒಬ್ಬ ಗೃಹಸ್ಥರು ಬಸ್ಸು ಹಿಡಿದು ಬಂದು, ತಮ್ಮ ಅಳಿಯನಿಗೆ ಲೈಸೆನ್ಸು ಎಷ್ಟು ತಿಂಗಳಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದರು. ಇದು ಆಟ ಮಾತ್ರ ಎಂದು ನಾನು ವಿನಯದಿಂದಲೇ ತಿಳಿಸಿದೆ.

“ಆಟದ ಸಲುವಾಗಿ ನಾನು ಟೊಮ್ಯಾಟೊ ಹರಿಯೂದ ಬಿಟ್ಟ ಬಂದ್ನ್ಯಾ?” ಎಂದು ಬೈದು ಹೋದರು. ಬರೆದವರು ಸಾವ್ಕಾರ್ರು, ಬೈಗುಳ ತಿಂದವನು ನಾನು.

ಆದರೂ ನಾನು ಎದುರು ಮಾತನಾಡಲಿಲ್ಲ. ಕಾರಣವೂ ಇತ್ತು. ಉದ್ಘಾಟನೆ ಚೆನ್ನಾಗಿ ನಡೆದರೆ ನನ್ನನ್ನು ‘ಮುಖ್ಯ ಬೋಧಕ’ ಎಂದು ಕಾಯಂ ಮಾಡಿ, ಸಹಿ ಹಾಕಿದ ನೇಮಕಾತಿ ಪತ್ರವನ್ನು ಕೊಡುವುದಾಗಿ ಸಾವ್ಕಾರ್ರು ಹೇಳಿದ್ದರು. ಅಲ್ಲಿಯವರೆಗೆ ನನ್ನ ಕೆಲಸ ಬಾಯಿಮಾತಿನದು. ನಾಳೆ ಬರಬೇಡ ಎಂದರೆ ಮುಗಿಯಿತು. ಪದವಿ ಪ್ರಮಾಣಪತ್ರವನ್ನು ಬಿಟ್ಟರೆ ನನ್ನ ಹೆಸರಿದ್ದ ಇನ್ನೊಂದು ಕಾಗದ ನಮ್ಮ ಮನೆಯಲ್ಲಿರಲಿಲ್ಲ. ಆ ಪತ್ರ ನನಗೆ ಬೇಕಾಗಿತ್ತು.

ಈಗ ಕಷ್ಟ ಬಂದದ್ದು ಆ ಹಿಡಿಕೆಯನ್ನು ಎಲ್ಲಿ ಕೂರಿಸುವುದೆಂಬಲ್ಲಿ. ಅದರ ತಳಕ್ಕೆ ನಾಲ್ಕು ರಬ್ಬರಿನ ಬಟ್ಟಲುಗಳಿದ್ದವು. ಮೇಜಿಗೆ ಒತ್ತಿದರೆ ಅಂಟಿಕೊಳ್ಳಬೇಕು. ನಮ್ಮ ಧೂಳಿನಲ್ಲಿ ಅವು ಎರಡೇ ದಿನಕ್ಕೆ ಅಂಟುವುದನ್ನು ಬಿಟ್ಟವು. ಹಿಡಿಕೆ ಎಳೆದರೆ ಪೀಠವೇ ಎದ್ದು ಕೈಗೆ ಬರುತ್ತಿತ್ತು. ಮೇಲಾಗಿ ಮೇಜು ಎತ್ತರ, ಭುಜ ನೋಯುತ್ತಿತ್ತು. ವಿಮಾನದಲ್ಲಿ ಹಿಡಿಕೆ ಇರುವುದು ಕುಳಿತವನ ಕೈಯಳತೆಯಲ್ಲಿ, ಮೇಜಿನ ಮೇಲಲ್ಲ. ಆದ್ದರಿಂದ ಅದನ್ನು ಕುರ್ಚಿಗೇ ಕೂರಿಸಬೇಕೆಂದು ನಾನು ನಿರ್ಧರಿಸಿದೆ. ಇದಕ್ಕಾಗಿಯೇ ತಯಾರಾದ ಸಾಮಾನು ಹೊರದೇಶದಲ್ಲಿ ಸಿಗುತ್ತಿತ್ತೋ ಏನೋ, ಚಿಕ್ಕೋಡಿಯಲ್ಲಿ ಸಿಗುತ್ತಿರಲಿಲ್ಲ.

ಕಬ್ಬಿಣದ ಕೊಳವೆಯ ತೋಳುಗಳಿದ್ದ ಒಂದು ಹಳೆಯ ಕುರ್ಚಿಯನ್ನು ಆರಿಸಿಕೊಂಡೆ. ಮೊದಲು ಸೈಕಲ್ಲಿನ ಹಳೆಯ ಟ್ಯೂಬನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ, ಪೀಠವನ್ನು ಬಲಗಡೆಯ ತೋಳಿಗೆ ಸುತ್ತಿ ಬಿಗಿದೆ. ನೋಡಲು ಗಟ್ಟಿಯಾಗಿತ್ತು. ಆದರೆ ರಬ್ಬರು ರಬ್ಬರೇ. ಹಿಡಿಕೆ ಬಿಟ್ಟೊಡನೆ ಪೀಠ ಪುಟಿಯುತ್ತಿತ್ತು, ವಿಮಾನ ಮೂಗು ಆಡಿಸುತ್ತ ತೂಗುತ್ತಿತ್ತು. ಟೈಪಿಂಗ್ ಸರ್ ನೋಡಿ, “ಸರ್ರ, ಇದು ವಿಮಾನಲ್ರಿ, ಜ್ಯೋಕಾಲಿ” ಎಂದರು.

ಎರಡನೆಯ ಸಲ, ನೀರಿನ ಪಂಪಿನ ಅಂಗಡಿಯಿಂದ ಪೈಪನ್ನು ಗೋಡೆಗೆ ಹಿಡಿದಿಡುವ ತಗಡಿನ ಪಟ್ಟಿಗಳನ್ನು ತಂದೆ. ತೋಳಿನ ಮೇಲೆ ಒಂದು ಗೇಣು ಹಲಗೆ ಇಟ್ಟು, ಕೆಳಗಿನಿಂದ ಆ ಪಟ್ಟಿಗಳನ್ನು ಹಾಕಿ ನಟ್ಟು ಬಿಗಿದು, ಪೀಠವನ್ನು ಹಲಗೆಗೆ ಸ್ಕ್ರೂ ಹೊಡೆದೆ. ಪುಟಿಯುವುದು ನಿಂತಿತು. ಆದರೆ ಕೊಳವೆ ದುಂಡಗಿನದು. ಸ್ವಲ್ಪ ಹೊತ್ತಿಗೆ ಹಲಗೆ ಕೊಳವೆಯ ಸುತ್ತ ತಿರುಗಿ ಜೋತುಬೀಳುತ್ತಿತ್ತು. ಇನ್ನಷ್ಟು ಬಿಗಿದರೆ ತಗಡೇ ಬಾಗುತ್ತಿತ್ತು.

ಮೂರನೆಯದನ್ನು ನಾನು ಯೋಚಿಸಿ ಮಾಡಲಿಲ್ಲ. ಕೈ ತಾನಾಗಿ ಮಾಡಿತು. ಭಾನುವಾರ ಅಥಣಿಗೆ ಹೋದಾಗ ಹದ ಮಾಡಿದ ಎಮ್ಮೆಯ ತೊಗಲಿನ ಎರಡು ಉದ್ದನೆಯ ಪಟ್ಟಿಗಳನ್ನೂ, ತೂತು ಹಾಕುವ ಆರಿಯನ್ನೂ ಚೀಲದಲ್ಲಿಟ್ಟುಕೊಂಡು ಬಂದೆ. ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಸಿಯಿರುವಾಗಲೇ ಹಲಗೆಗೂ ಕೊಳವೆಗೂ ಎಂಟರ ಆಕಾರದಲ್ಲಿ ಸುತ್ತಿ, ಕಾಲಲ್ಲಿ ಒದ್ದು ಎಳೆದು, ತೊಗಲಿನದೇ ಸಣ್ಣ ಎಳೆಯಿಂದ ಹೊಲಿದೆ. ನಮ್ಮಲ್ಲಿ ಚಪ್ಪಲಿಗೆ ಮೊಳೆ ಹೊಡೆಯುವುದಿಲ್ಲ. ತೊಗಲನ್ನು ತೊಗಲಿನಿಂದಲೇ ಹೊಲಿಯುತ್ತಾರೆ. ಎರಡು ದಿನ ಬಿಸಿಲಿಗಿಟ್ಟೆ. ಒಣಗುತ್ತ ತೊಗಲು ಕುಗ್ಗಿತು, ಕುಗ್ಗುತ್ತ ಕಚ್ಚಿತು. ಆಮೇಲೆ ಟೈಪಿಂಗ್ ಸರ್ ಆ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ತಿರುವಲು ಹೋಗಿ, ಕುರ್ಚಿಯನ್ನೇ ಎತ್ತಿದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸಲು ಕಾಲಿನ ಒಂದು ಸಾಧನ ಬೇಕೆಂದು ಓದಿದ್ದೆ. ನಡುವೆ ಬೋಲ್ಟು ಹಾಕಿದ ಒಂದು ಅಡ್ಡಹಲಗೆಯನ್ನು ನೆಲದ ಮೇಲೆ ಕೂರಿಸಿ, ಅದರ ಕೆಳಗೆ ಹಳೆಯ ರೇಡಿಯೊದ ದನಿ ಏರಿಳಿಸುವ ಬಿರಡೆಯನ್ನು ಜೋಡಿಸಿ, ಅದರ ತಂತಿಯನ್ನು ಜಾಯ್‌ಸ್ಟಿಕ್ಕಿನ ತಂತಿಗೆ ಬೆಸುಗೆ ಹಾಕಿಸಿದೆ. ಎಡಗಾಲು ಒತ್ತಿದರೆ ವಿಮಾನ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಅದು ಕೆಲಸ ಮಾಡಿದ ದಿನ ನಾನೊಬ್ಬನೇ ಒಂದು ಗಂಟೆ ಹಾರಿದೆ. ನನ್ನ ಜೀವನದಲ್ಲಿ ನಾನು ಅಷ್ಟು ನೆಟ್ಟಗೆ ಕುಳಿತದ್ದು ಕಡಿಮೆ.

ಉದ್ಘಾಟನೆಗೆ ಸಾವ್ಕಾರ್ರ ಸೋದರಮಾವ ಬಂದರು. ಶಿರಗುಪ್ಪಿ ಕಡೆಯ ದೊಡ್ಡ ಕಬ್ಬಿನ ಹೊಲದವರು. ಧೋತರ, ಬಿಳಿ ಟೊಪ್ಪಿಗೆ, ಎಪ್ಪತ್ತರ ಹತ್ತಿರದ ವಯಸ್ಸು. ಎಲ್ಲರಿಗೂ ಅವರು ‘ಮಾಮಾ’. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಬಂದರು. ಕಂಪ್ಯೂಟರಿನ ಕೋಣೆಯೊಳಗೆ ಯಾರೂ ಪಾದರಕ್ಷೆ ತರುವಂತಿರಲಿಲ್ಲ. ಆ ಕಾಲದಲ್ಲಿ ಎಲ್ಲ ಕಡೆಯೂ ಅದೇ ನಿಯಮ. ಧೂಳಿನ ಕಾರಣಕ್ಕೆ ಹುಟ್ಟಿದ ನಿಯಮ ನಮ್ಮಲ್ಲಿ ದೇವರ ಕೋಣೆಯ ನಿಯಮವಾಗಿಬಿಟ್ಟಿತ್ತು.

ಮೊದಲು ಪೂಜೆ. ಸಾವ್ಕಾರ್ರ ಹೆಂಡತಿ, ನಾವೆಲ್ಲ ವೈನಿ ಎನ್ನುತ್ತಿದ್ದವರು, ಆರತಿ ತಟ್ಟೆ ಹಿಡಿದು ಒಂದನ್ನೂ ಬಿಡದೆ ಅರಿಶಿನ ಕುಂಕುಮ ಹಚ್ಚಿದರು. ತೆರೆಗೆ, ಕೀಲಿಮಣೆಗೆ, ಪ್ರಿಂಟರಿಗೆ, ಹಿಡಿಕೆಗೆ. ಬಾಗಿ ನೋಡಿ, “ಇದೂ ಕಂಪ್ಯೂಟರಿಂದ ಐತೇನ್ರಿ ಸರ್?” ಎಂದು ಕಾಲಿನ ಹಲಗೆಯನ್ನು ತೋರಿಸಿದರು.

“ಹೌದು, ಅದಕ್ಕೂ ಸಂಪರ್ಕವಿದೆ” ಎಂದೆ. ಅದಕ್ಕೂ ಎರಡು ಕಡೆ ಕುಂಕುಮ ಹಚ್ಚಿ, ಒಂದೊಂದು ಸೇವಂತಿಗೆ ಇಟ್ಟರು. ಸರಿಯಾಗಿ ಕಾಲಿಡುವ ಜಾಗದಲ್ಲಿ. ನಾನು ಅದನ್ನು ನೋಡುತ್ತ ನಿಂತಿದ್ದೆ. ವೈನಿಯವರಿಗೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಮಾಮಾ ಕುಳಿತರು. ಹಿಡಿಕೆ ಹಿಡಿದರು. ವಿಮಾನವನ್ನು ನಾನೇ ಮೇಲೇರಿಸಿ ಅವರ ಕೈಗೆ ಕೊಟ್ಟೆ. ಒಂದು ನಿಮಿಷ ಬಹಳ ಚೆನ್ನಾಗಿ ನಡೆಯಿತು.

“ಅರೆ ವಾ! ಟ್ರ್ಯಾಕ್ಟರಕಿಂತ ಸಲೀಸ ಐತಲ್ಲೋ!” ಎಂದರು. ಹಿಂದೆ ನಿಂತಿದ್ದ ಮೂವತ್ತು ಜನ ನಕ್ಕರು.

“ತಿರುಗಿಸಬೇಕಾದರೆ ಕಾಲನ್ನು ಆ ಹಲಗೆಯ ಮೇಲಿಡಬೇಕು” ಎಂದು ನಾನು ತಿಳಿಸಿದೆ.

ಅವರು ಕೆಳಗೆ ನೋಡಿದರು. “ಇದಕ್ಕ ಕಾಲ ಹಚ್ಚೂದ? ಈಗರ ಪೂಜಿ ಮಾಡ್ಯಾಳಲ್ಲ ಅಕಿ!”

“ಹಚ್ರಿ ಮಾಮಾ, ಏನ್ ಆಗೂದಿಲ್ಲ” ಎಂದರು ಸಾವ್ಕಾರ್ರು.

ಮಾಮಾ ಅಳುಕುತ್ತ ಬಲಗಾಲಿನ ಹೆಬ್ಬೆರಳನ್ನು ತಾಗಿಸಿದರು. ಹೂವಿಗೆ ಕಾಲು ತಾಗಿದೊಡನೆ ಬೆಂಕಿ ಮುಟ್ಟಿದವರಂತೆ ಹಿಂದಕ್ಕೆಳೆದುಕೊಂಡು, ಹಿಡಿಕೆಯನ್ನು ಬಿಟ್ಟು, ಪೂರ್ತಿ ಮುಂದಕ್ಕೆ ಬಾಗಿ, ಹಲಗೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಪುಸ್ತಕಕ್ಕೆ ಕಾಲು ತಾಗಿದರೆ ನಾವೆಲ್ಲರೂ ಮಾಡುವುದು ಅದನ್ನೇ. ಬಾಗಿದಾಗ ಅವರ ತೋಳು ಹಿಡಿಕೆಯನ್ನು ಮುಂದಕ್ಕೆ ಒತ್ತಿತು. ವಿಮಾನ ಮೂಗು ಕೆಳಗೆ ಮಾಡಿತು. ಅವರು ಎರಡನೆಯ ಕಣ್ಣಿಗೆ ಒತ್ತಿಕೊಳ್ಳುವಷ್ಟರಲ್ಲಿ ತೆರೆಯ ತುಂಬ ಹಸಿರು ನೆಲ ಬಂತು. ಸ್ಪೀಕರಿನಿಂದ ದೊಡ್ಡ ಸದ್ದು.

“ಮಾಮಾ ವಿಮಾನಾ ಕಬ್ಬಿನ್ಯಾಗ ಹೊಗಿಸಿದ್ರಲೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು, ಮಾಮಾ ಕೂಡ. ಸಾವ್ಕಾರ್ರು ಮಾತ್ರ ನಗಲಿಲ್ಲ. ಹಿರಿಯರ ಕೈಯಲ್ಲಿ ಕೆಟ್ಟಿತು ಎನ್ನುವಂತಿಲ್ಲ, ಪೂಜೆಯಿಂದ ಕೆಟ್ಟಿತು ಎನ್ನುವಂತಿಲ್ಲ. ಅವರ ಕಣ್ಣು ಒಂದು ಕಾರಣವನ್ನು ಹುಡುಕುತ್ತ ಕುರ್ಚಿಯ ತೋಳಿನ ಮೇಲೆ ನಿಂತಿತು.

“ಇದೇನ್ರಿ ಸರ್ ಇದು? ಚಪ್ಪಲಿ ತೊಗಲು! ಹೊರಗ ಚಪ್ಪಲಿ ಬಿಡ್ರಿ ಅಂತ ನಾನು ಬೋರ್ಡ್ ಹಾಕೀನಿ, ನೀವು ಒಳಗ ಕುರ್ಚಿಗೇ ಕಟ್ಟೀರಲ್ಲ! ಹಿಂಗ ಮಾಡಿದ್ರ ಮತ್ತ ಬೀಳದ ಏನ್ ಮಾಡತೈತಿ?”

ಮಾಮಾ ಬಾಗಿ ಆ ಹೊಲಿಗೆಯ ಮೇಲೆ ಬೆರಳಾಡಿಸಿದರು. “ತಡಿಯೋ. ಇದು ಮಸೀನ್ ಹೊಲಿಗಿ ಅಲ್ಲ. ಅಥಣಿ ಕಡಿ ಕೈ ಇದು. ಯಾರ ಹೊಲದ್ರು ಮಾಸ್ತರ?”

ಅಂಗಡಿಯಲ್ಲಿ ಮಾಡಿಸಿದೆ ಎನ್ನಬಹುದಾಗಿತ್ತು. “ನಾನೇ ಹೊಲಿದಿದ್ದೇನೆ” ಎಂದೆ.

ಮೂವತ್ತು ಜನರೂ ನನ್ನ ಮುಖವನ್ನು ಬಿಟ್ಟು ಕೈಗಳನ್ನು ನೋಡಿದರು.

“ಅದಕ್ಕ ಮತ್ತ!” ಎಂದರು ಮಾಮಾ, ಯಾವ ಕೆಟ್ಟ ಮನಸ್ಸೂ ಇಲ್ಲದೆ. “ರಕ್ತದಾಗ ಐತಿ ನಿಮ್ಮದು. ಕಲತ್ರ ಬರೂದಲ್ಲ ಇದು.”

ಮೆಚ್ಚುಗೆಯೆಂದೇ ಹೇಳಿದರು. ಆ ಮೆಚ್ಚುಗೆ ನನಗೆ ಇಂದಿಗೂ ಉರಿಯುತ್ತದೆ. ಹತ್ತು ವರ್ಷ ನಮ್ಮ ತಂದೆಯ ಎದುರು ಕುಳಿತು, ಬೆರಳಿಗೆ ಆರಿ ಚುಚ್ಚಿಸಿಕೊಂಡು, ಬೈಸಿಕೊಂಡು ಕಲಿತ ವಿದ್ಯೆ ಅದು. ಅದನ್ನು ಕಲಿತದ್ದೆಂದು ಅವರು ಒಪ್ಪಲಿಲ್ಲ. ವಿಮಾನದ ರೆಕ್ಕೆಯ ಲೆಕ್ಕ, ರೇಡಿಯೊ ಬಿರಡೆಯ ಲೆಕ್ಕ ನಾನು ಕಲಿತದ್ದೇ. ಅದನ್ನು ಯಾರೂ ಕೇಳಲೇ ಇಲ್ಲ.

ಬೋರ್ಡಿನ ನೆಪದಿಂದ ಪಟ್ಟಿಯನ್ನು ಕತ್ತರಿಸಲಾಯಿತೇ? ಇಲ್ಲ. ಮರುದಿನ ಸಾವ್ಕಾರ್ರು ಬಡಿಗನನ್ನು ಕರೆಸಿ ತೆಗೆಸಲು ಹೋದರು, ಬಿಚ್ಚಲಾಗಲಿಲ್ಲ. ಬಡಿಗ, “ಕೊಯ್ಯಬೇಕ್ರಿ, ಆಮ್ಯಾಲ ಇಷ್ಟ ಬಿಗಿ ನನ್ನ ಕಡಿಂದ ಆಗೂದಿಲ್ಲ” ಎಂದ. ಮೇಲೊಂದು ಟರ್ಕಿ ಟವಲು ಸುತ್ತಿ ಮುಚ್ಚಿದರು. ಟವಲಿನ ಕೆಳಗೆ ಇದ್ದರೆ ಅದು ಚಪ್ಪಲಿಯ ತೊಗಲಲ್ಲವಂತೆ.

ವಾರ ಕಳೆದಿರಬಹುದು. ಮಧ್ಯಾಹ್ನದ ತರಗತಿಗೆ ಹೊರಟಿದ್ದೆ. ಸಾವ್ಕಾರ್ರು ತಮ್ಮ ಒಂದು ಚಪ್ಪಲಿಯನ್ನು ಹಿಡಿದುಕೊಂಡು, ತರಗತಿಗೆ ಅಂಟಿಕೊಂಡೇ ಇದ್ದ ತಮ್ಮ ಮನೆಯ ಹಿತ್ತಲ ಪಡಸಾಲೆಗೆ ಬಂದರು. ಬಹಳ ಸೌಜನ್ಯದಿಂದಲೇ ಬಂದರು.

“ಸರ್, ತಪ್ಪ ತಿಳಕೋಬ್ಯಾಡ್ರಿ. ಹೆಬ್ಬಟ್ಟಿನ ಉಂಗುಷ್ಟ ಕಿತ್ತೈತಿ. ಹೆಂಗೂ ನಿಮಗ ಬರತೈತಿ. ಪ್ಯಾಟಿಗ್ಯಾಕ ಹೋಗೂದು?”

ತರಗತಿಯಲ್ಲಿ ಎಂಟು ಜನ ಕಾಯುತ್ತಿದ್ದರು. ಆಗುವುದಿಲ್ಲ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಆದರೆ ಪತ್ರ ಇನ್ನೂ ಬಂದಿರಲಿಲ್ಲ. ಚೀಲದಲ್ಲಿದ್ದ ಆರಿಯನ್ನು ತೆಗೆದು, ನಿಂತಲ್ಲೇ ಹೊಲಿದುಕೊಟ್ಟೆ. ಚೆನ್ನಾಗಿ ಹೊಲಿದೆ; ಕೆಟ್ಟದಾಗಿ ಹೊಲಿಯಲು ಕೈ ಒಪ್ಪಲಿಲ್ಲ. ಕಿಟಕಿಯಿಂದ ವಿದ್ಯಾರ್ಥಿಗಳು ನೋಡಿದರು. ಆ ದಿನ ಯಾರೂ ಏನೂ ಕೇಳಲಿಲ್ಲ, ಪಾಠದ ಸಂದೇಹಗಳನ್ನು ಕೂಡ.

ಆಮೇಲೆ ಟೈಪಿಂಗ್ ಸರ್ ಅವರ ಚೀಲದ ಹಿಡಿ ಬಂತು. ವೈನಿಯವರ ಚಪ್ಪಲಿ ಬಂತು. “ಬ್ಯಾರೇದವರಾ ಏನ್ ನೀವು?” ಎನ್ನುತ್ತಿದ್ದರು. ಬೇರೆಯವನಲ್ಲದ ನಾನು ಆ ಮನೆಯಲ್ಲಿ ಚಹ ಕುಡಿಯುತ್ತಿದ್ದದ್ದು ಈಗ ಅದೇ ಹಿತ್ತಲ ಪಡಸಾಲೆಯಲ್ಲಿ. ಮೊದಲು ಅದು ಒಳಗಿನ ಕೋಣೆಯಲ್ಲಿ ಬರುತ್ತಿತ್ತು ಎಂಬುದನ್ನು ನಾನು ತಡವಾಗಿ ಗಮನಿಸಿದೆ.

ಕೊನೆಗೆ ಪತ್ರ ಬಂತು. ಕೋರ್ಟಿನ ಬಳಿಯ ಟೈಪಿಸ್ಟರ ಹತ್ತಿರ ಟೈಪು ಮಾಡಿಸಿದ್ದರು. ‘ಮುಖ್ಯ ಬೋಧಕ’ ಎಂದಿತ್ತು. ಮುಂದೆ ಅದೇ ಸಾಲಿನಲ್ಲಿ, ‘ಹಾಗೂ ಕುರ್ಚಿ ಮೊದಲಾದವುಗಳ ದುರಸ್ತಿ ಮತ್ತು ತೊಗಲಿನ ಕೆಲಸ’ ಎಂದಿತ್ತು. ಎರಡು ಸಲ ಓದಿದೆ. ಪತ್ರವನ್ನು ಹಿಡಿದುಕೊಂಡು, ಕರೆಯದಿದ್ದರೂ, ಒಳಗಿನ ಕೋಣೆಗೇ ಹೋದೆ.

“ಈ ಭಾಗವನ್ನು ತೆಗೆಯಬೇಕು” ಎಂದೆ.

“ಯಾಕ್ರಿ? ಮಾಡತೀರಲ್ಲ? ಮಾಡೂದನ್ನ ಬರಸೀನಿ. ಸುಳ್ಳ ಏನೈತಿ ಅದರಾಗ?”

“ಟೈಪಿಂಗ್ ಸರ್ ಮನೆಯಲ್ಲಿ ಗಾಣವಿದೆ. ಹಂಗಾಮಿನಲ್ಲಿ ಅವರು ನಿಮಗೆ ಬೆಲ್ಲ ಮಾಡಿಕೊಡುತ್ತಾರೆ. ಅವರ ಪತ್ರದಲ್ಲಿ ಬೆಲ್ಲ ಮಾಡುವುದನ್ನು ಬರೆಸಿದ್ದೀರಾ?”

“ಅದೂ ಇದೂ ಒಂದ ಏನ್ರಿ ಸರ್?” ಎಂದು ನಕ್ಕರು. ನಾನು ನಗಲಿಲ್ಲ.

“ಯಾಕ ಅಲ್ಲ, ಹೇಳ್ರಿ ಸಾವ್ಕಾರ್ರ” ಎಂದೆ. ನನ್ನ ಬಾಯಿಯಿಂದ ನಮ್ಮ ಓಣಿಯ ಮಾತು ಬಂದದ್ದು ನನಗೇ ಕೇಳಿಸಿತು, ತಿದ್ದಿಕೊಳ್ಳಲಿಲ್ಲ. “ಅದು ಬ್ಯಾರೆ, ಇದು ಬ್ಯಾರೆ ಅಂತ ಬಾಯಿಬಿಟ್ಟ ಹೇಳ್ರಿ. ಕೇಳಿ ಹೋಗತೀನಿ.”

ಸೋಮವಾರದಿಂದ ಹೊಸ ಬ್ಯಾಚು ಇತ್ತು, ಹತ್ತೊಂಬತ್ತು ಜನ ಹೆಸರು ಬರೆಸಿದ್ದರು, ಅವರಿಗೆ ಪಾಠ ಹೇಳುವವರು ಬೇರೆ ಇರಲಿಲ್ಲ. ಸಾವ್ಕಾರ್ರು ಮೇಜಿನ ಮೇಲಿದ್ದ ಪೆನ್ನನ್ನು ತೆಗೆದು ‘ಹಾಗೂ’ ಎಂಬಲ್ಲಿಂದ ಸಾಲಿನ ಕೊನೆಯವರೆಗೆ ಅಕ್ಷರಗಳ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿ ನನ್ನ ಕಡೆಗೆ ದೂಡಿದರು. “ಇಷ್ಟ ಸಿಟ್ಟ ಇರಬಾರದ್ರಿ ಸರ್, ಕಲತಾವ್ರಿಗೆ” ಎಂದರು. ಹೊಸದಾಗಿ ಟೈಪು ಮಾಡಿಸಿ ಕೊಡುತ್ತೇನೆ ಎನ್ನಲಿಲ್ಲ. ನಾನು ಕೇಳಬೇಕಾಗಿತ್ತು, ಅಷ್ಟಕ್ಕೇ ನನ್ನ ಧೈರ್ಯ ಮುಗಿದಿತ್ತು.

ಆ ದಿನದಿಂದ ನಾನು ಅಲ್ಲಿ ಯಾರ ಚಪ್ಪಲಿಯನ್ನೂ ಹೊಲಿಯಲಿಲ್ಲ. ಎರಡು ವರ್ಷ ಪಾಠ ಹೇಳಿ, ಆ ಕೆಲಸ ಬಿಟ್ಟೆ. ಮುಂದೆ ನಾಲ್ಕು ಕಡೆ ಸಂದರ್ಶನಕ್ಕೆ ಹೋದಾಗ ಅನುಭವದ ದಾಖಲೆಯಾಗಿ ಆ ಪತ್ರವನ್ನೇ ತೋರಿಸಬೇಕಾಯಿತು. ನಾಲ್ಕೂ ಕಡೆ, ಮೇಜಿನ ಆಚೆ ಕುಳಿತವರು ಮೊದಲು ಓದಿದ್ದು ಗೀಟಿನ ಅಡಿಯಲ್ಲಿ ಇನ್ನೂ ಕಾಣುತ್ತಿದ್ದ ಆ ಅಕ್ಷರಗಳನ್ನು. ತಲೆಯೆತ್ತಿ, ಅವರೂ ನನ್ನ ಕೈಗಳನ್ನು ನೋಡಿದರು. ಕುರ್ಚಿಗೆ ಹಿಡಿಕೆಯನ್ನು ಏಕೆ ಕೂರಿಸಬೇಕಾಯಿತು, ರಬ್ಬರು ಏಕೆ ಸೋತಿತು, ತಗಡು ಏಕೆ ಸೋತಿತು ಎಂದು ನಾನು ಶುದ್ಧ ಭಾಷೆಯಲ್ಲಿ ಉತ್ತರವನ್ನು ಸಿದ್ಧಪಡಿಸಿಕೊಂಡು ಹೋಗಿರುತ್ತಿದ್ದೆ. ತೊಗಲಿನ ಮಾತು ಬರುವಷ್ಟರಲ್ಲಿ ಅವರು ಮುಂದಿನವರ ಹೆಸರು ಕರೆಯುತ್ತಿದ್ದರು.